ಬ್ಯಾಗ್ ಇಲ್ಲದ ವ್ಯಾಕ್ಯೂಮ್ ಕ್ಲೀನರ್ ನಮ್ಮ ಕರಾವಳಿಯಲ್ಲಿ ಬಾಳಿಕೆ ಬರಬೇಕಾದರೆ

ಮಳೆಗಾಲದಲ್ಲಿ ನನ್ನ ಅಂಗಡಿಗೆ ಬರುವ ವ್ಯಾಕ್ಯೂಮ್ ಕ್ಲೀನರ್‌ಗಳದ್ದು ಹೆಚ್ಚಾಗಿ ಒಂದೇ ದೂರು. "ಮೋಟಾರ್ ಹೋಯ್ತು ಕಾಣ್ತದೆ, ಸ್ವಲ್ಪ ನೋಡಿ." ಬಿಚ್ಚಿ ನೋಡಿದರೆ ಮೋಟಾರ್ ಸರಿಯಾಗೇ ಇರುತ್ತದೆ. ಫಿಲ್ಟರ್ ಹಸಿ ಇರುತ್ತದೆ, ಇಲ್ಲವೇ ಧೂಳು ಕಟ್ಟಿ ಗಟ್ಟಿಯಾಗಿರುತ್ತದೆ.

ಕುಮಟಾದಲ್ಲಿ ನನ್ನದು ಮಿಕ್ಸರ್, ಫ್ಯಾನ್, ಗ್ರೈಂಡರ್ ರಿಪೇರಿ ಅಂಗಡಿ. ನಿಂತುಕೊಂಡೇ ದೂಡಿಕೊಂಡು ಹೋಗುವ, ಕೆಳಗೆ ತಿರುಗುವ ಬ್ರಷ್ ಇರುವ ಈ ನಮೂನೆಯ ಮಶೀನ್ ನಮ್ಮ ಕಡೆ ಮೊದಲು ಅಪರೂಪ. ಈಗ ಭಟ್ಕಳ, ಹೊನ್ನಾವರದವರು ದುಬೈಯಿಂದ ತರುತ್ತಾರೆ. ಶಿರಸಿ ಕಡೆಯ ಮಕ್ಕಳು ಅಮೆರಿಕದಿಂದ ಕಳಿಸುತ್ತಾರೆ. ಗೋಕರ್ಣದ ಹೋಮ್‌ಸ್ಟೇಯವರು ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಬ್ಯಾಗ್ ಇಲ್ಲ ಅಂದಮೇಲೆ ಖರ್ಚೂ ಇಲ್ಲ, ಕೆಲಸವೂ ಇಲ್ಲ ಅಂತ ಎಲ್ಲರ ಲೆಕ್ಕ. ಹಾಗಲ್ಲ. ಹಳೇ ಮಶೀನಿನಲ್ಲಿ ಬ್ಯಾಗೇ ಫಿಲ್ಟರ್. ತುಂಬಿದರೆ ಎಸೆದು ಹೊಸದು ಹಾಕಿದರಾಯ್ತು. ಇದರಲ್ಲಿ ಫಿಲ್ಟರ್ ಒಳಗೇ ಉಳಿಯುತ್ತದೆ, ಅದನ್ನು ನೋಡಿಕೊಳ್ಳುವ ಕೆಲಸ ನಿಮ್ಮ ತಲೆಗೆ ಬರುತ್ತದೆ.

ದಾಂಡೇಲಿ, ಶಿರಸಿ ಕಡೆ ಸಾ ಮಿಲ್ ನೋಡಿದವರಿಗೆ ಇದು ಕೆಲಸ ಮಾಡುವ ರೀತಿ ಬೇಗ ಅರ್ಥವಾಗುತ್ತದೆ. ದೊಡ್ಡ ಮಿಲ್ಲುಗಳಲ್ಲಿ ಮರದ ಹುಡಿ ಎಳೆಯಲು ತಗಡಿನ ದೊಡ್ಡ ಶಂಕು ಇಟ್ಟಿರುತ್ತಾರೆ. ಗಾಳಿ ಅದರೊಳಗೆ ಗಿರ್ರನೆ ಸುತ್ತುತ್ತದೆ, ಹುಡಿ ಗೋಡೆಗೆ ಬಡಿದು ಕೆಳಗೆ ಬೀಳುತ್ತದೆ. ಇಂಗ್ಲೆಂಡಿನ ಜೇಮ್ಸ್ ಡೈಸನ್ ಇದನ್ನೇ ಮನೆಯ ಮಶೀನಿಗೆ ಇಳಿಸಿದ್ದು. 5,127 ಮಾದರಿ ಮಾಡಿ ನೋಡಿದನಂತೆ. 1993ರಲ್ಲಿ ಸ್ವಂತ ಹೆಸರಿನ ಮಶೀನ್ ಮಾರುಕಟ್ಟೆಗೆ ಬಿಟ್ಟ. ಆದರೆ ಸುತ್ತುವ ಗಾಳಿ ಕೆಳಗೆ ಬೀಳಿಸುವುದು ಭಾರದ ಕಸವನ್ನು ಮಾತ್ರ. ಹಿಟ್ಟಿನಂಥ ಸಣ್ಣ ಧೂಳು ಗಾಳಿಯ ಜೊತೆ ಮುಂದೆ ಹೋಗಿ ಫಿಲ್ಟರಿನಲ್ಲೇ ಕೂರುತ್ತದೆ. ಕಸ ಬೀಳುವ ಡಬ್ಬಿಯ ಮೇಲೆ ಒಂದು ಗೆರೆ ಇರುತ್ತದಲ್ವಾ? ಕಸ ಆ ಗೆರೆ ದಾಟಿದರೆ ಗಾಳಿಗೆ ಸುತ್ತಲು ಜಾಗವಿಲ್ಲ, ದೊಡ್ಡ ಕಸವೂ ಫಿಲ್ಟರಿಗೇ ಹೋಗುತ್ತದೆ. ಗೆರೆ ಮುಟ್ಟುವ ಮೊದಲೇ ಡಬ್ಬಿ ಖಾಲಿ ಮಾಡಿ.

ಹೊಸ ಮಶೀನ್ ತಂದ ದಿನವೇ ಒಂದು ಕೆಲಸ ಮಾಡಿ. ಚಾಲೂ ಮಾಡಿ, ಅದರ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ. ಆಮೇಲೆ ಪೈಪಿನ ಬಾಯಿಗೆ ಒಂದೆರಡು ಸೆಕೆಂಡ್ ಅಂಗೈ ಮುಚ್ಚಿ, ಆ ಸದ್ದೂ ಇರಲಿ. ಅಂಗೈ ಇಟ್ಟ ಕೂಡಲೇ ಸದ್ದು ಕೀರಲಾಗಿ ಮೇಲೇರುತ್ತದೆ. ದಾರಿ ಕಟ್ಟಿದರೆ ಮೋಟಾರಿಗೆ ಭಾರವಾಗಿ ಸದ್ದು ಇಳಿಯಬೇಕಲ್ವಾ ಅಂತ ಜನ ಕೇಳುತ್ತಾರೆ. ಇಲ್ಲ. ಒಳಗಿನ ಫ್ಯಾನಿಗೆ ದೂಡಲು ಗಾಳಿಯೇ ಇಲ್ಲದಾಗ ಅದರ ಭಾರ ಕಡಿಮೆಯಾಗುತ್ತದೆ, ಜೋರಾಗಿ ತಿರುಗುತ್ತದೆ. ಆದರೆ ಎಷ್ಟೋ ಮಶೀನುಗಳಲ್ಲಿ ಮೋಟಾರನ್ನು ತಣ್ಣಗಿಡುವುದೂ ಅದೇ ಗಾಳಿ. ಗಾಳಿ ನಿಂತರೆ ಬಿಸಿ ಏರುತ್ತದೆ. ಹಾಗಾಗಿ ಕೆಲವು ತಿಂಗಳಾದ ಮೇಲೆ ಸದ್ದು ಮೊದಲಿಗಿಂತ ಕೀರಲು ಅನಿಸಿದರೆ ಫಿಲ್ಟರೋ ಪೈಪೋ ಕಟ್ಟಿದೆ ಅಂತ ತಿಳಿಯಿರಿ. ಸದ್ದು ಇಳಿದು ಗುಂಯ್ ಅಂದರೆ ಕೆಳಗಿನ ಬ್ರಷ್ಷಿಗೆ ಏನೋ ಸಿಕ್ಕಿಕೊಂಡಿದೆ. ನಡುವೆ ತಾನಾಗೇ ಬಂದ್ ಆದರೆ ಗಾಬರಿ ಬೇಡ. ಬಿಸಿ ಜಾಸ್ತಿಯಾದಾಗ ಕರೆಂಟ್ ಕಡಿಯುವ ಒಂದು ಸ್ವಿಚ್ ಒಳಗಿರುತ್ತದೆ. ಪ್ಲಗ್ ತೆಗೆಯಿರಿ, ದಾರಿ ಬಿಡಿಸಿ, ಒಂದು ತಾಸು ಬಿಡಿ. ತಣ್ಣಗಾದ ಮೇಲೆ ಸಾಮಾನ್ಯವಾಗಿ ಶುರುವಾಗುತ್ತದೆ. ಆದರೆ ದಾರಿ ಬಿಡಿಸದೆ ಮತ್ತೆ ಮತ್ತೆ ಚಾಲೂ ಮಾಡಿದರೆ ಮಾತ್ರ ಮೋಟಾರ್ ನಿಜವಾಗಿಯೂ ಹೋಗುತ್ತದೆ.

ಈಗ ಫಿಲ್ಟರ್ ವಿಷಯ. ಹೆಚ್ಚಿನ ಮಶೀನಿನಲ್ಲಿ ಎರಡಿರುತ್ತವೆ. ಮೋಟಾರಿಗಿಂತ ಮೊದಲು ಸ್ಪಂಜಿನದ್ದು, ಗಾಳಿ ಹೊರಬರುವಲ್ಲಿ ಮಡಿಕೆ ಮಡಿಕೆಯ ಹೆಪಾ, ಅಂದರೆ ತೀರಾ ಸಣ್ಣ ಧೂಳನ್ನೂ ಹಿಡಿಯುವ ಫಿಲ್ಟರ್. ಸ್ಪಂಜು ತೊಳೆಯುವಂಥದ್ದು. ತಿಂಗಳಿಗೊಮ್ಮೆ ತಣ್ಣೀರಿನಲ್ಲಿ, ಸೋಪು ಹಾಕದೆ, ನೀರು ತಿಳಿಯಾಗುವವರೆಗೆ ಹಿಚುಕಿ. ಬಟ್ಟೆ ಹಿಂಡಿದ ಹಾಗೆ ತಿರುಚಬೇಡಿ, ಹರಿಯುತ್ತದೆ. ಹೆಪಾ ತೊಳೆಯಬಹುದೋ ಇಲ್ಲವೋ ಅನ್ನುವುದು ಅದರ ಮೇಲೇ ಬರೆದಿರುತ್ತದೆ. ತೊಳೆಯಬಾರದ್ದಾದರೆ ಹೊರಗೆ ಒಯ್ದು ಮೆಲ್ಲಗೆ ತಟ್ಟಿ, ಅಷ್ಟೇ ಸಾಕು. ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸುವವರಿದ್ದಾರೆ. ಆ ಒತ್ತಡಕ್ಕೆ ಅದರ ಎಳೆ ಹರಿದು ಕಣ್ಣಿಗೆ ಕಾಣದ ತೂತಾಗುತ್ತದೆ. ನೋಡಲು ಫಳಫಳ, ಕೆಲಸಕ್ಕೆ ಸೊನ್ನೆ.

ತೊಳೆಯುವುದು ಸುಲಭ. ಒಣಗಿಸುವುದೇ ನಮ್ಮ ಊರಿನ ಕಷ್ಟ. ಕಂಪನಿಯ ಪುಸ್ತಕದಲ್ಲಿ 24 ತಾಸು ಒಣಗಿಸಿ ಅಂತ ಬರೆದಿರುತ್ತದೆ. ಅದನ್ನು ಬರೆದವರು ಜುಲೈ ತಿಂಗಳಲ್ಲಿ ಕುಮಟಾಕ್ಕೆ ಬಂದವರಲ್ಲ. ಇಲ್ಲಿ ಆಗ ಹೆಂಚಿನ ಕೆಳಗೆ ಹಾಕಿದ ಕರವಸ್ತ್ರವೂ ಒಣಗುವುದಿಲ್ಲ. ಸ್ಪಂಜಿಗೆ ಎರಡು ಮೂರು ದಿನ ಬೇಕೇ ಬೇಕು. ಹೊರಗೆ ಒಣಗಿದ ಹಾಗೆ ಕಂಡರೂ ನಡುವಿನಲ್ಲಿ ನೀರು ಕೂತಿರುತ್ತದೆ. ಹಾಗೇ ಹಾಕಿದರೆ ಧೂಳು ಅಂಟಿ ಕೆಸರಾಗುತ್ತದೆ, ಬೂಸಲು ಹಿಡಿಯುತ್ತದೆ, ಚಾಲೂ ಮಾಡಿದರೆ ಮನೆಯೆಲ್ಲ ಒದ್ದೆ ಗೋಣಿಚೀಲದ ವಾಸನೆ. ತೇವ ಮೋಟಾರಿಗೂ ಹೋಗುತ್ತದೆ.

ಒಣಗಿದೆಯೋ ಇಲ್ಲವೋ ನೋಡಲು ಕೈಯನ್ನು ನಂಬಬೇಡಿ. ಅಡುಗೆಮನೆಯ ತಕ್ಕಡಿ ಇದ್ದರೆ ಹೊಸ ಸ್ಪಂಜನ್ನು ಮೊದಲೇ ತೂಗಿ, ಡಬ್ಬಿಯ ಒಳಮೈಗೆ ತೂಕ ಬರೆದ ಚೀಟಿ ಅಂಟಿಸಿಡಿ. ತೊಳೆದು ಒಣಗಿಸಿದ ಮೇಲೆ ಅದೇ ತೂಕಕ್ಕೆ ಬಂದರೆ ಹಾಕಬಹುದು. ತಕ್ಕಡಿ ಇಲ್ಲದಿದ್ದರೆ ಕೆನ್ನೆಗೆ ಒತ್ತಿ ಹಿಡಿಯಿರಿ. ತಂಪು ತಾಗಿತೋ, ಇನ್ನೂ ನೀರಿದೆ. ಫ್ಯಾನಿನ ಕೆಳಗೆ ನಿಲ್ಲಿಸಿ ಒಣಗಿಸಿ. ಎ.ಸಿ. ಕೋಣೆ ಇದ್ದರೆ ಇನ್ನೂ ಒಳ್ಳೆಯದು, ಅಲ್ಲಿ ಗಾಳಿಯ ತೇವವೇ ಕಡಿಮೆ. ಘಟ್ಟದ ಮೇಲಿನವರಿಗೆ ಒಂದು ಮಾತು. ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸುವ ಜಾಗದಲ್ಲಿ ಇದನ್ನು ತೂಗು ಹಾಕಬೇಡಿ. ದೇವಿಮನೆ ಘಟ್ಟ ಇಳಿದು ಬಂದ ಒಂದು ಮಶೀನಿನ ಸ್ಪಂಜು ಮುಟ್ಟಿದ ಕೂಡಲೇ ಹುಡಿಯಾಗಿ ಉದುರಿತು. ಹೊಗೆಗೆ ಕಪ್ಪಾಗಿ, ಬಿಸಿಗೆ ಬಾಡಿ ಹೋಗಿತ್ತು. ಬಿರುಬಿಸಿಲೂ ಸ್ಪಂಜಿಗೆ ಆಗಿಬರುವುದಿಲ್ಲ. ಎಲ್ಲಕ್ಕಿಂತ ಸುಲಭದ ದಾರಿ ಅಂದರೆ ಎರಡು ಸೆಟ್ ಇಟ್ಟುಕೊಳ್ಳುವುದು. ಒಂದು ಒಣಗುತ್ತಿರಲಿ, ಒಂದು ಓಡಲಿ.

ಏನು ಎಳೆಯಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ. ರಂಗೋಲಿ ಹುಡಿ ಬೇಡ, ಅದು ಕಲ್ಲಿನ ಹುಡಿ. ಸಿಮೆಂಟ್, ಗೋಡೆಯ ಪುಟ್ಟಿ ಉಜ್ಜಿದ ಧೂಳು ಬೇಡವೇ ಬೇಡ. ಸೀಸನ್ನಿಗೆ ಮೊದಲು ಕೋಣೆಗೆ ಬಣ್ಣ ಹೊಡೆಸಿ, ಆ ಧೂಳನ್ನೆಲ್ಲ ಮಶೀನಿನಲ್ಲಿ ಎಳೆದು, ಮರುದಿನ ನನ್ನ ಹತ್ತಿರ ಬರುವ ಹೋಮ್‌ಸ್ಟೇಯವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಬಿಸಿ ಬೂದಿ, ಚೌತಿ ದಿನದ ಪಟಾಕಿ ಕಸ ಬೇಡ. ಒದ್ದೆ ಯಾವುದೂ ಬೇಡ. ಸಮುದ್ರದ ಮರಳು ಬೇರೆ ನಮೂನೆಯ ತೊಂದರೆ. ಅದರಲ್ಲಿ ಉಪ್ಪಿರುತ್ತದೆ, ಉಪ್ಪು ಗಾಳಿಯ ತೇವ ಎಳೆದುಕೊಂಡು ಡಬ್ಬಿಯಲ್ಲಿ ಗಂಟು ಕಟ್ಟುತ್ತದೆ. ಮರಳಿನ ಕಾಳು ತಿರುಗುವ ಬ್ರಷ್ಷಿನ ಎರಡು ತುದಿಯ ಬೇರಿಂಗಿಗೆ ಹೊಕ್ಕರೆ ಅರೆದು ತಿಂದುಹಾಕುತ್ತದೆ. ಅದೂ ಅಲ್ಲದೆ ಟೈಲ್ಸ್ ಮೇಲೆ ಬ್ರಷ್ ತಿರುಗಿದರೆ ಮರಳು ಒಳಗೆ ಹೋಗುವುದಕ್ಕಿಂತ ಕಾಲಿಗೆ ಸಿಡಿಯುವುದೇ ಜಾಸ್ತಿ. ಮರಳಿಗೆ ಕಸಬರಿಗೆಯೇ ಸರಿ. ಉಳಿದದ್ದಕ್ಕೆ ಬ್ರಷ್ ಬಂದ್ ಮಾಡಿ ಮಶೀನ್ ಹಾಕಿ.

ಬ್ರಷ್ ಇರುವುದು ಜಮಖಾನೆಗೆ, ಹಾಸಿಗೆಗೆ. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ಉಣ್ಣೆಯ ಜಮಖಾನೆ ಇದ್ದರೆ ಅದರ ಮೇಲೆ ಈ ಮಶೀನ್ ಚೆಂದ ಓಡುತ್ತದೆ. ಹೊಸ ಉಣ್ಣೆ ಮೊದಮೊದಲು ತುಪ್ಪಳ ಬಿಡುತ್ತದೆ, ಡಬ್ಬಿ ಬೇಗ ತುಂಬುತ್ತದೆ, ಅದಕ್ಕೆ ಹೆದರಬೇಡಿ. ಅಂಚಿನ ಕುಚ್ಚಿಗೆ ಮಾತ್ರ ಬ್ರಷ್ ತಾಗಿಸಬೇಡಿ. ವಾರಕ್ಕೊಮ್ಮೆ ಪ್ಲಗ್ ತೆಗೆದು, ಮಶೀನ್ ಮಲಗಿಸಿ, ಬ್ರಷ್ಷಿಗೆ ಸುತ್ತಿದ ಕೂದಲು, ದಾರ, ಕಾಲೊರಸಿನ ತೆಂಗಿನ ನಾರು ಎಲ್ಲವನ್ನೂ ಕತ್ತರಿಯಿಂದ ಉದ್ದಕ್ಕೆ ಕತ್ತರಿಸಿ ಎಳೆಯಿರಿ. ನಾರು ತುದಿಗೆ ಸರಿದು ಬೇರಿಂಗ್ ಸುತ್ತಿಕೊಂಡರೆ ಆ ಬಿಸಿಗೆ ಪ್ಲಾಸ್ಟಿಕ್ ಕರಗುತ್ತದೆ.

ರಬ್ಬರ್ ಸುಟ್ಟ ವಾಸನೆ ಬಂದರೆ ಬ್ರಷ್ ತಿರುಗಿಸುವ ಬೆಲ್ಟಿನದ್ದೇ ತೊಂದರೆ. ಚಪ್ಪಟೆ ಬೆಲ್ಟ್ ಕಾಲಕ್ರಮೇಣ ಸಡಿಲಾಗುತ್ತದೆ. ತುಂಡಾಗದಿದ್ದರೂ ಜಾರುತ್ತದೆ, ಬ್ರಷ್ ನೆಲಕ್ಕೆ ತಾಗಿದ ಕೂಡಲೇ ನಿಲ್ಲುತ್ತದೆ. ಹಲ್ಲಿನ ಬೆಲ್ಟ್ ಸಡಿಲಾಗುವುದು ಕಡಿಮೆ, ಹೋದರೆ ಒಮ್ಮೆಲೇ ಹೋಗುತ್ತದೆ. ಈ ಮಶೀನುಗಳ ಬೆಲ್ಟ್ ನಮ್ಮ ಪೇಟೆಯಲ್ಲಿ ಸಿಗುವುದು ಕಷ್ಟ. ಹಾಗಾಗಿ ಊರಿಗೆ ಬರುವ ಮಗನಿಗೋ ಭಾವನಿಗೋ ಚಾಕಲೇಟ್ ಜೊತೆ ಎರಡು ಬೆಲ್ಟ್, ಒಂದು ಸೆಟ್ ಫಿಲ್ಟರ್ ತರಲು ಹೇಳಿ. ಮಾಡೆಲ್ ನಂಬರಿನ ಫೋಟೋ ಕಳಿಸಿ, ಬಾಯಲ್ಲಿ ಹೇಳಬೇಡಿ.

ಎಳೆತ ಕಡಿಮೆಯಾಗಿದೆ, ಆದರೆ ಫಿಲ್ಟರ್ ಚೊಕ್ಕ ಇದೆ, ಪೈಪೂ ಕಟ್ಟಿಲ್ಲ. ಹಾಗಾದರೆ ಎಲ್ಲೋ ಗಾಳಿ ಸೋರುತ್ತಿದೆ. ಡಬ್ಬಿಯ ಬಾಯಿಯ ರಬ್ಬರ್ ಗಟ್ಟಿಯಾಗಿರಬಹುದು, ಪೈಪ್ ಮಡಿಚುವಲ್ಲಿ ಸೀಳಿರಬಹುದು. ಒಂದು ಊದುಬತ್ತಿ ಹಚ್ಚಿ. ಮಶೀನ್ ಚಾಲೂ ಇರುವಾಗ ಹೊಗೆಯನ್ನು ಒಂದೊಂದೇ ಸಂದಿನ ಹತ್ತಿರ ಹಿಡಿಯಿರಿ. ಸೋರುವ ಕಡೆ ಹೊಗೆ ಸರ್ರನೆ ಒಳಗೆ ಎಳೆಯುತ್ತದೆ. ಕೆಂಡ ಒಳಗೆ ಹೋಗದಷ್ಟು ದೂರ ಇರಲಿ.

ಅಮೆರಿಕದ ಮಶೀನ್ ಬಂದರೆ ಮೊದಲು ಹಿಂದಿನ ಚೀಟಿ ಓದಿ. ಅಲ್ಲಿ 120 ವೋಲ್ಟ್, ನಮ್ಮದು 230. ಪಿನ್ ಬದಲಿಸಿ ಚುಚ್ಚಿದರೆ ಕ್ಷಣದಲ್ಲಿ ಹೊಗೆ. ನಿವೃತ್ತ ಅಕ್ಕೋರೊಬ್ಬರು (ಶಾಲೆಯ ಟೀಚರ್) ಮಗ ಕಳಿಸಿದ್ದನ್ನು ಪೆಟ್ಟಿಗೆ ಬಿಚ್ಚದೆ ನನ್ನ ಹತ್ತಿರ ತಂದರು, ಅದಕ್ಕೇ ಉಳಿಯಿತು. ಅದಕ್ಕೆ 230 ವೋಲ್ಟನ್ನು 120ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 12 ಆಂಪಿಯರ್ ಅಂತ ಇದ್ದರೆ ಸುಮಾರು 1,440 ವ್ಯಾಟ್ ಆಯಿತು, 2,000ದ್ದು ಹಾಕಿ. ದುಬೈಯದ್ದಕ್ಕೆ ಈ ರಗಳೆ ಇಲ್ಲ, ಪ್ಲಗ್ ಮಾತ್ರ ಬೇರೆ. ಆದರೆ 1,300 ವ್ಯಾಟಿಗಿಂತ ಜಾಸ್ತಿ ಇರುವುದನ್ನು ಟಿ.ವಿ. ಹಾಕುವ ಸಣ್ಣ ಸಾಕೆಟ್ಟಿಗೆ ಚುಚ್ಚಬೇಡಿ. ಗೀಸರ್ ಹಾಕುವ 16 ಆಂಪಿಯರಿನ ದೊಡ್ಡ ಸಾಕೆಟ್ ಬಳಸಿ.

ವೈರಿನ ಮಶೀನುಗಳ ಮೋಟಾರ್ ಹೆಚ್ಚಾಗಿ ಮಿಕ್ಸರಿನ ಜಾತಿಯದ್ದೇ, ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು ಹಾಕಿದ್ದು. ಕಾರ್ಬನ್ ಸವೆಯುತ್ತದೆ. ಕಿಡಿ ಜಾಸ್ತಿ ಕಂಡರೆ, ನಿಂತು ನಿಂತು ಓಡಿದರೆ ಕಾರ್ಬನ್ ಬದಲಿಸುವ ಹೊತ್ತು. ಚಿಕ್ಕ ಖರ್ಚಿನ ಕೆಲಸ, ಆದರೆ ತಡ ಮಾಡಿದರೆ ಅದು ಉಜ್ಜುವ ತಾಮ್ರದ ಭಾಗವೇ ಹಾಳಾಗುತ್ತದೆ. ಕಿರ್ ಅನ್ನುವ ಬೇರಿಂಗಿಗೆ ತೆಂಗಿನೆಣ್ಣೆ ಬಿಡಬೇಡಿ. ಆ ಬೇರಿಂಗ್ ಮುಚ್ಚಿದ್ದು, ಎಣ್ಣೆ ಒಳಗೆ ಹೋಗುವುದಿಲ್ಲ. ಹೊರಗೆ ಧೂಳಿನ ಜೊತೆ ಸೇರಿ ಅಂಟಾಗುತ್ತದೆ. ನಮ್ಮ ಮನೆಗಳಲ್ಲಿ ಎಲ್ಲ ರೋಗಕ್ಕೂ ತೆಂಗಿನೆಣ್ಣೆಯೇ ಮದ್ದು, ಏನು ಮಾಡುವುದು.

ಮಳೆಗಾಲದಲ್ಲಿ ಬಳಸದಿದ್ದರೂ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ. ಆ ಬಿಸಿಗೆ ಒಳಗಿನ ತೇವ ಹೋಗುತ್ತದೆ, ಸ್ವಿಚ್ಚಿನ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುವುದು ಕಡಿಮೆ. ಮೆಟ್ಟಿಲ ಕೆಳಗೆ ಪ್ಲಾಸ್ಟಿಕ್ ಸುತ್ತಿ ಇಟ್ಟರೆ ಒಳಗೇ ಬೆವರುತ್ತದೆ. ಹತ್ತಿಯ ಹಳೇ ಸೀರೆ ಹೊದಿಸಿ, ಡಬ್ಬಿಯ ಮುಚ್ಚಳ ತೆರೆದಿಡಿ. ಪೈಪಿನ ಬಾಯಿಗೆ ಮಾತ್ರ ಬಟ್ಟೆ ಕಟ್ಟಿ, ಹಲ್ಲಿ ಹೊಕ್ಕರೆ ಆಮೇಲೆ ವಾಸನೆಯಿಂದಲೇ ಗೊತ್ತಾಗುವುದು.

ಇಷ್ಟಾದ ಮೇಲೂ ಮೋಟಾರ್ ಸುಟ್ಟರೆ ಬೆಲೆ ಕೇಳಿ ನೋಡಿ. ಹೊಸ ಮಶೀನಿನ ಅರ್ಧಕ್ಕಿಂತ ಜಾಸ್ತಿ ಬಿದ್ದರೆ ನಾನೇ ಬೇಡ ಅನ್ನುತ್ತೇನೆ. ಪೈಪು, ಬ್ರಷ್, ವೈರ್ ತೆಗೆದಿಟ್ಟುಕೊಳ್ಳಿ, ಅದೇ ಮಾಡೆಲ್ ಇರುವ ನೆಂಟರಿಗಾದರೂ ಆಗುತ್ತದೆ. ರಿಪೇರಿಗೆ ತರುವುದಾದರೆ ಇಡೀ ಮಶೀನ್ ತನ್ನಿ. ಬಸ್ಸಿನಲ್ಲಿ ಭಾರ ಅಂತ ಕೆಳಗಿನ ಬ್ರಷ್ಷಿನ ಭಾಗ ಮನೆಯಲ್ಲೇ ಬಿಟ್ಟು ಬರುತ್ತಾರೆ, ತೊಂದರೆ ಅದರಲ್ಲೇ ಇರುತ್ತದೆ. ಮತ್ತೆ, ದಯವಿಟ್ಟು ಡಬ್ಬಿ ಖಾಲಿ ಮಾಡಿ ತನ್ನಿ.