ಹಳೇ ಕಟ್ಟಡ ಕುಸಿದಿದೆ, ಈಗೇನು ಮಾಡೋದು?

ಮೈಸೂರಿನ ದೇವರಾಜ ಮಾರ್ಕೆಟ್‌ನ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು, ಅದೂ ದುರಸ್ತಿ ನಡೆಯುತ್ತಿದ್ದಾಗಲೇ. ಉಳಿಸಬೇಕಾ ಕೆಡವಬೇಕಾ ಅನ್ನೋ ಜಗಳ ಆಮೇಲೆ ವರ್ಷಗಟ್ಟಲೆ ಎಳೆಯಿತು, ಕೋರ್ಟ್ ಮೆಟ್ಟಿಲನ್ನೂ ಹತ್ತಿತು. ನಿಮ್ಮೂರಲ್ಲೂ ಹೀಗಾದರೆ?

ಮೊದಲು ಜನರನ್ನು ಹೊರಗೆ ಕಳಿಸಿ, ಗೋಡೆಗೆ ಆಸರೆ ಕೊಡಿಸಿ. 2012ರಲ್ಲಿ ಅದೇ ಊರಿನ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತರು. ಇದರಲ್ಲಿ ಚೌಕಾಸಿ ಬೇಡ.

ಆಮೇಲೆ ಬಿರುಕು. ಅದರ ಅಡ್ಡಕ್ಕೆ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಗಾರೆ ಮೆತ್ತಿ, ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ತಾರೀಖು ಬರೆಸಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ. ಒಂದು ಮಳೆಗಾಲ ಕಳೆದರೂ ಹಾಗೇ ಇದ್ದರೆ ಸ್ವಲ್ಪ ಉಸಿರು ಬಿಡಬಹುದು.

ವರದಿ ಕೊಡೋ ಇಂಜಿನಿಯರಿಗೆ ಹಳೇ ಗೋಡೆ ಕಟ್ಟಿದ ಸುಣ್ಣದ ಗಾರೆ ಗೊತ್ತಿರಬೇಕು. ಸಿಮೆಂಟ್ ಮಾತ್ರ ಗೊತ್ತಿದ್ದವರಿಗೆ ಹಳೇ ಗೋಡೆಯೆಲ್ಲ ಬೀಳೋ ಗೋಡೆಯೇ! ದೇವರಾಜ ಮಾರ್ಕೆಟ್ ವಿಷಯದಲ್ಲೂ ಪಾರಂಪರಿಕ ಕಟ್ಟಡಗಳನ್ನ ಉಳಿಸೋ ಸಂಸ್ಥೆಯಾದ ಇಂಟ್ಯಾಕ್‌ನವರು ಉಳಿಸಬಹುದು ಅಂದರು, ಸರ್ಕಾರದ ಸಮಿತಿ ಕೆಡವಿ ಅಂದಿತು. ಹೀಗೆ ಎರಡು ವರದಿ ಬಂದಾಗ ಯಾರು ದೊಡ್ಡವರು ಅಂತ ನೋಡಬೇಡಿ, ಯಾರು ಇಟ್ಟಿಗೆ, ಗಾರೆ, ಪಾಯ ಪರೀಕ್ಷಿಸಿದ್ದಾರೆ, ಯಾರು ಸುಮ್ನೆ ಕಣ್ಣಲ್ಲಿ ನೋಡಿ ಬರೆದಿದ್ದಾರೆ ಅನ್ನೋದನ್ನ ನೋಡಿ. ಕುಸಿದದ್ದು ಒಂದು ಮೂಲೆಯಾದರೆ ಇಡೀ ಕಟ್ಟಡ ಯಾಕೆ ಹೋಗಬೇಕು ಅಂತ ಕೇಳಿ.

ಅಂಗಡಿಯವರನ್ನು ಮರೆಯಬೇಡಿ. ತಾತ್ಕಾಲಿಕ ಜಾಗ ಎಲ್ಲಿ, ಬಾಡಿಗೆ ಎಷ್ಟು, ವಾಪಸ್ ಯಾವಾಗ, ಮೂರನ್ನೂ ಪಾಲಿಕೆಯಿಂದ ಬರವಣಿಗೆಯಲ್ಲಿ ತಗೊಳ್ಳಿ, ಬೀಗ ಹಾಕೋ ಮೊದಲೇ.