ಕೆಸರಿನಿಂದ ಪೀಪಿ: ನನ್ನ ಅನುಭವ

ಮಳೆ ನಿಂತ ಮೇಲೆ ಹಳ್ಳದಂಚಿನ ಕೆಸರಿಗೆ ಕೈ ಹಾಕದೆ ಮುಂದೆ ಹೋಗುವುದು ನನ್ನಿಂದ ಇಂದಿಗೂ ಆಗದು. ಒಮ್ಮೆ ಹಾಗೆ ಕುಕ್ಕರಗಾಲಿನಲ್ಲಿ ಕುಳಿತಿದ್ದಾಗ ಪಕ್ಕದಲ್ಲೇ ಒಂದು ಕುಂಬಾರ ಹುಳು ಬಂದು ಇಳಿಯಿತು. ಕೆಸರನ್ನು ಬಾಯಲ್ಲಿ ಕೆರೆದು, ಪುಟ್ಟ ಉಂಡೆ ಮಾಡಿ, ಹೊತ್ತುಕೊಂಡು ಹಾರಿತು. ಸ್ವಲ್ಪ ಹೊತ್ತಿಗೆ ಮತ್ತೆ ಅಲ್ಲಿಗೇ ಬಂತು. ಸುತ್ತ ಮರಳು ಬೆರೆತ ಕೆಸರು ಎಷ್ಟೋ ಇದ್ದರೂ ಅದು ಆರಿಸಿಕೊಂಡದ್ದು ನಯವಾಗಿ ಹೊಳೆಯುತ್ತಿದ್ದ ಅಂಗೈಯಗಲದ ಜಾಗವನ್ನು. ಮಣ್ಣಿನ ಪೀಪಿ ಮಾಡುವ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಆ ಜಾಗದ ಮಣ್ಣನ್ನೇ ಬುಟ್ಟಿಗೆ ತುಂಬಿಕೊಂಡೆ.

ಒಂದು ಹಿಡಿಯನ್ನು ಬಾಟಲಿಯ ನೀರಿಗೆ ಹಾಕಿ ಕುಲುಕಿ ಇಟ್ಟೆ. ಮರಳು ಆಗಲೇ ತಳ ಸೇರಿತು. ಜೇಡಿಯಂತೂ ಮರುದಿನವೂ ನೀರನ್ನು ಕದಡಿಯೇ ಇಟ್ಟಿತ್ತು. ಅದರ ಕಣಗಳು 0.002 ಮಿಲಿಮೀಟರಿಗಿಂತಲೂ ಚಿಕ್ಕವು, ಹಾಳೆಯಂತೆ ಚಪ್ಪಟೆ. ನಡುವೆ ತೆಳುವಾಗಿ ನೀರಿದ್ದರೆ ಒಂದರ ಮೇಲೊಂದು ಜಾರುತ್ತವೆ, ಆದರೂ ಒಂದನ್ನೊಂದು ಬಿಡುವುದಿಲ್ಲ. ಬತ್ತಿಯಂತೆ ಹೊಸೆದು ಬೆರಳಿಗೆ ಸುತ್ತಿದೆ; ಎಲ್ಲೂ ಸೀಳಲಿಲ್ಲ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಬೇಕಿಲ್ಲ.

ಕಲ್ಲು, ಬೇರು ಆರಿಸಿ, ಬಿರುಕು ಬಿಡದಿರಲೆಂದು ಸ್ವಲ್ಪ ಸಣ್ಣ ಮರಳು ಬೆರೆಸಿ, ಗೋಣಿಯ ಮೇಲೆ ಹರಡಿ ಮಕ್ಕಳೊಂದಿಗೆ ತುಳಿದೆ. ಕಾಲ್ಬೆರಳ ಸಂದಿಯಿಂದ ಕೆಸರು ತಣ್ಣಗೆ ಮೇಲೆದ್ದು ಬರುವ ಸುಖಕ್ಕೆ ವಯಸ್ಸಿಲ್ಲ. ಮೊದಮೊದಲು ಹಿಮ್ಮಡಿ ಎತ್ತಿದಾಗಲೆಲ್ಲ ಪಚಕ್ ಎನ್ನುತ್ತಿತ್ತು. ಒಳಗಿನ ಗಾಳಿ ಹೋದಂತೆ ಆ ಸದ್ದು ಕಡಿಮೆಯಾಗುತ್ತಾ ಬಂದು ನಿಂತೇ ಹೋಯಿತು. ಹದ ಬಂದದ್ದು ಹೀಗೆ ಕಿವಿಗೇ ತಿಳಿಯಿತು.

ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆಯನ್ನು ಎರಡು ಹೋಳು ಮಾಡಿ, ಎರಡನ್ನೂ ಬಟ್ಟಲಿನಂತೆ ಕುಳಿ ತೆಗೆದೆ. ಅಂಚುಗಳನ್ನು ಗೀರಿ, ತೆಳು ಕೆಸರು ಸವರಿ ಕೂಡಿಸಿದೆ. ಇದೆಲ್ಲ ಸುಲಭ. ಕಷ್ಟವಿರುವುದು ಬಾಯಿಯಲ್ಲಿ. ಊದುವ ಕಡೆಯಿಂದ ಚಪ್ಪಟೆ ಕಡ್ಡಿ ತೂರಿಸಿ ಗಾಳಿಗೆ ದಾರಿ ಮಾಡಬೇಕು. ಅದು ಮುಗಿಯುವಲ್ಲಿ ಚೌಕದ ಕಿಂಡಿ ಕತ್ತರಿಸಿ, ಎದುರಿನ ಅಂಚನ್ನು ಚಾಕುವಿನ ಬಾಯಿಯಂತೆ ಹರಿತ ಮಾಡಬೇಕು. ಉಸಿರು ಆ ಅಂಚಿಗೆ ನೇರವಾಗಿ ಬಡಿದು ಒಮ್ಮೆ ಒಳಗೆ, ಒಮ್ಮೆ ಹೊರಗೆ ತೂಗಿದರೆ ಸ್ವರ; ಕೂದಲೆಳೆಯಷ್ಟು ಮೇಲೆ ಕೆಳಗಾದರೆ ಬರೀ ಗಾಳಿ. ಮೊದಲನೆಯದರಲ್ಲಿ ಬಂದದ್ದು ಬರೀ ಗಾಳಿ. ತೀಡಿ ತೀಡಿ ಅಂಚೇ ಕುಸಿಯಿತು. ಎರಡನೆಯದನ್ನು ಅವಸರ ಮಾಡದೆ, ಉಗುರಿನ ಗುರುತು ಬೀಳುವಷ್ಟು ಮೆತ್ತಗೆ, ಹಿಡಿದರೆ ಆಕಾರ ಕೆಡದಷ್ಟು ಗಟ್ಟಿಯಾಗುವವರೆಗೆ ಬಿಟ್ಟು ಕತ್ತರಿಸಿದೆ. ಕಡ್ಡಿ ಎಳೆದು ಊದಿದೆ. ಗುಂಡಗಿನ, ಆಳವಾದ ಒಂದು ಕೂಗು! ಹಸಿ ಮಣ್ಣು ತುಟಿಗೆ ಅಂಟಿಕೊಂಡಿತ್ತು. ಒರೆಸಿಕೊಳ್ಳುವ ನೆನಪೇ ಆಗಲಿಲ್ಲ.

ಇಟಲಿಯ ಬುದ್ರಿಯೋದಲ್ಲಿ ಜುಸೆಪ್ಪೆ ದೊನಾತಿ 1853ರಲ್ಲಿ ಒಕರೀನಾ ಎಂಬ ಇಂಥದ್ದೇ ಮಣ್ಣಿನ ವಾದ್ಯಕ್ಕೆ ಈಗಿನ ರೂಪ ಕೊಟ್ಟ. ಕೊಳಲಿನಲ್ಲಿ ರಂಧ್ರ ಎಲ್ಲಿದೆ ಎಂಬುದು ಮುಖ್ಯ. ಇದರಲ್ಲಿ ಎಷ್ಟು ದೊಡ್ಡದು ಎಂಬುದೇ ಮುಖ್ಯ. ತೆರೆದ ಜಾಗ ಹೆಚ್ಚಿದಷ್ಟೂ ಸ್ವರ ಏರುತ್ತದೆ, ಒಡಲು ಹಿಗ್ಗಿದಷ್ಟೂ ಇಳಿಯುತ್ತದೆ. ಹಾಗಾಗಿ ಬೆರಳಿಗೆ ಒಗ್ಗುವಲ್ಲಿ ನಾಲ್ಕು ರಂಧ್ರ ಕೊರೆದು, ಊದಿ ನೋಡುತ್ತಾ ಒಂದೊಂದನ್ನೇ ಅಗಲಿಸಿದೆ. ಶ್ರುತಿ ಕೂಡಿಸಲು ಪೂರ್ತಿ ಮಧ್ಯಾಹ್ನ ಹಿಡಿಯಿತು, ಆ ದಿನದ ಅತಿ ಒಳ್ಳೆಯ ಹೊತ್ತು ಅದೇ.

ಹತ್ತು ದಿನ ನೆರಳಿನಲ್ಲಿ ಒಣಗಿಸಿ ಸುಟ್ಟೆ. ಒಣಗಿಸುವಲ್ಲಿ ಆತುರ ಬೇಡವೇ ಬೇಡ. ಒಳಗೆ ತೇವ ಉಳಿದರೆ ಬೆಂಕಿಯಲ್ಲಿ ಆವಿಯಾಗಿ ಸಿಡಿಸುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೇಡಿಯೊಳಗೇ ಬೆಸೆದುಕೊಂಡ ನೀರೂ ಹೋಗಿ, ಮಣ್ಣು ಮತ್ತೆ ಕೆಸರಾಗದು. ಸುಟ್ಟ ಪೀಪಿ ಕುಗ್ಗಿತ್ತು, ಸ್ವರ ಸ್ವಲ್ಪ ಏರಿತ್ತು. ಮುಂದಿನದರ ಒಡಲನ್ನು ಅಷ್ಟು ದೊಡ್ಡದು ಮಾಡಿದೆ.

ಊದದ ಆ ಮೊದಲನೆಯದನ್ನು ಸುಟ್ಟಿರಲಿಲ್ಲ. ಒಣಗಿದ್ದ ಅದನ್ನು ಮಕ್ಕಳು ಬಕೆಟ್ಟಿನ ನೀರಿಗೆ ಬಿಟ್ಟರು. ಬುಳಬುಳನೆ ಗುಳ್ಳೆ ಎದ್ದವು, ಅಂಚು ಕರಗಿತು, ಸ್ವಲ್ಪ ಹೊತ್ತಿಗೆ ತಳದಲ್ಲಿ ನುಣುಪಾದ ಕೆಸರು ಕೂತಿತ್ತು. ಮೂರನೆಯ ಪೀಪಿಯನ್ನು ಅದರಿಂದಲೇ ಮಾಡಿದೆವು.