ಸ್ಪೀಕರ್ ನಿಮ್ಮ ಪಡಸಾಲೆಯಲ್ಲಿ, ಖಾತೆ ಯಾರ ಹೆಸರಿನಲ್ಲಿ?

ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿಯಲ್ಲಿರುವ ಮಕ್ಕಳು ದೀಪಾವಳಿಗೆ ಬಾಗಲಕೋಟೆಗೆ ಬರುವಾಗ ಮಾತು ಕೇಳಿ ಉತ್ತರಿಸುವ ಒಂದು ಸ್ಮಾರ್ಟ್ ಸ್ಪೀಕರ್ ತರುತ್ತಾರೆ, ತಮ್ಮ ಮೊಬೈಲಿನಿಂದಲೇ ಅದನ್ನು ಜೋಡಿಸಿ ಕೊಡುತ್ತಾರೆ, ರಜೆ ಮುಗಿದೊಡನೆ ಹೊರಟುಬಿಡುತ್ತಾರೆ. ಆಮೇಲೆ ನವನಗರದ ಆ ಪಡಸಾಲೆಯಲ್ಲಿ ಬೆಳಗ್ಗೆ ವಚನ, ಮಧ್ಯಾಹ್ನ ಭಾವಗೀತೆ, ಸಂಜೆ ಮೊಮ್ಮಕ್ಕಳ ಪ್ರಶ್ನೆಗಳು. ಹಿನ್ನೀರಿಗೆ ಹೋದ ಹೊಲದ ಪರಿಹಾರದ ಲೆಕ್ಕ, ಕಬ್ಬಿನ ಬಾಕಿ ಬಿಲ್ಲು, ಮಗಳಿಗೆ ಬಂದ ಸಂಬಂಧದ ಮಾತು ನಡೆಯುವುದೂ ಅದೇ ಪಡಸಾಲೆಯಲ್ಲಿ. ಸ್ಪೀಕರ್ ಇಟ್ಟುಕೊಳ್ಳಲೇಬಾರದು ಎನ್ನುವ ಪಂಗಡದವನು ನಾನಲ್ಲ. ಅದನ್ನು ಹದ್ದಿನಲ್ಲಿಡಲು ಅರ್ಧ ಗಂಟೆ ಸಾಕು.

ಮೊದಲು ಅದು ಕೆಲಸ ಮಾಡುವ ಬಗೆ ತಿಳಿದಿರಲಿ. ಅದರ ಮೈಕ್ ಸದಾ ತೆರೆದಿರುತ್ತದೆ. ಆದರೆ ತನ್ನ ಹೆಸರು ಕೇಳಿಸುವವರೆಗೆ ಮಾತನ್ನು ಹೊರಗೆ ಕಳಿಸದಂತೆ ಅದನ್ನು ರೂಪಿಸಿರುತ್ತಾರೆ. ‘ಅಲೆಕ್ಸಾ’ ಎಂದೋ ‘ಹೇ ಗೂಗಲ್’ ಎಂದೋ ಕೇಳಿಸಿದ ಕೂಡಲೇ ದೀಪ ಹತ್ತುತ್ತದೆ, ಮುಂದಿನ ಮಾತು ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ತೊಂದರೆ ಇರುವುದು ತಪ್ಪಾಗಿ ಕೇಳಿಸಿಕೊಂಡಾಗ. 2018ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಒಂದು ಮನೆಯಲ್ಲಿದ್ದ ಎಕೋ, ಅಂದರೆ ‘ಅಲೆಕ್ಸಾ’ ಎಂದರೆ ಓಗೊಡುವ ಅಮೆಜಾನ್ ಕಂಪನಿಯ ಸ್ಪೀಕರ್, ಮನೆಯವರ ಹರಟೆಯಲ್ಲಿ ತನ್ನ ಹೆಸರು, ಸಂದೇಶ ಕಳಿಸುವ ಆಜ್ಞೆ, ಅದಕ್ಕೆ ಒಪ್ಪಿಗೆ ಎಲ್ಲವನ್ನೂ ತಾನೇ ಕಲ್ಪಿಸಿಕೊಂಡು, ಅವರ ಖಾಸಗಿ ಮಾತನ್ನು ಪರಿಚಯದವರೊಬ್ಬರಿಗೆ ಕಳಿಸಿಬಿಟ್ಟಿತ್ತು. ಅಮೆಜಾನ್ ಕೂಡ ಇದನ್ನು ಒಪ್ಪಿಕೊಂಡಿತು. ತಂತ್ರಾಂಶವನ್ನು ಸುಧಾರಿಸಲೆಂದು ಕೆಲವು ಧ್ವನಿ ತುಣುಕುಗಳನ್ನು ಮನುಷ್ಯರೇ ಕೂತು ಕೇಳುತ್ತಾರೆ ಎಂಬುದು 2019ರಲ್ಲಿ ಬಯಲಾಯಿತು.

ದೂರದ ಕಂಪನಿಯ ಬಗ್ಗೆ ಹೆದರುವವರು ಹತ್ತಿರದ ಒಂದು ಸಂಗತಿಯನ್ನು ಮರೆಯುತ್ತಾರೆ. ನೀವು ಸ್ಪೀಕರ್‌ಗೆ ಹೇಳಿದ ಮಾತುಗಳ ಪಟ್ಟಿ, ಅದನ್ನು ಜೋಡಿಸಿದ ಖಾತೆಯ ಒಡೆಯರ ಮೊಬೈಲಿನಲ್ಲಿ ತೆರೆದುಕೊಳ್ಳುತ್ತದೆ. ಖಾತೆ ಮಗನದಾಗಿದ್ದರೆ, ಅತ್ತೆ ಯಾವ ಕಾಯಿಲೆಯ ಬಗ್ಗೆ ಕೇಳಿದರು, ಸೊಸೆ ಯಾರಿಗೆ ಕರೆ ಮಾಡಲು ಹೇಳಿದಳು ಎಂಬುದೆಲ್ಲ ಅವನಿಗೆ ಕಾಣುತ್ತದೆ. ಅವನು ನೋಡದೇ ಇರಬಹುದು, ಆದರೆ ನೋಡಬಹುದೆಂಬುದು ಮನೆಯವರಿಗೆ ಗೊತ್ತಿರಬೇಕಲ್ಲವೇ?

ಹಾಗಾಗಿ ಮೊದಲ ಹಂತ, ಖಾತೆ ಯಾರದೆಂದು ನೋಡುವುದು. ದಿನವೂ ಅದರೊಡನೆ ಮಾತನಾಡುವವರ ಖಾತೆಯಲ್ಲಿ ಅದು ಇರುವುದು ಸರಿ. ಎಕೋ ಆದರೆ ಮಗನ ಅಲೆಕ್ಸಾ ಆ್ಯಪ್‌ನಲ್ಲಿ ‘ಡಿವೈಸಸ್’ ತೆರೆದು, ಆ ಸ್ಪೀಕರನ್ನು ಆರಿಸಿ, ಅದರ ಸೆಟ್ಟಿಂಗ್ಸ್‌ನಲ್ಲಿ ‘ಡಿರಿಜಿಸ್ಟರ್’ ಒತ್ತಬೇಕು. ಬಳಿಕ ತಾಯಿಯ ಮೊಬೈಲಿನಿಂದ ಅವರ ಹೆಸರಿನಲ್ಲೇ ಹೊಸದಾಗಿ ಜೋಡಿಸಬೇಕು. ಹಾಡಿನ ಚಂದಾ ಮಗನ ಹೆಸರಿನಲ್ಲಿದೆ ಎಂಬ ಕಾರಣಕ್ಕೆ ಇದು ಆಗದಿದ್ದರೆ, ಮುಂದಿನ ಎರಡು ಹಂತಗಳನ್ನು ಅವನ ಮೊಬೈಲಿನಲ್ಲೇ, ಅವನು ಊರಿನಲ್ಲಿರುವಾಗಲೇ, ಹಿರಿಯರ ಎದುರಿಗೆ ಮುಗಿಸಿ.

ಎರಡನೆಯದು ‘ಡ್ರಾಪ್ ಇನ್’. ಎಕೋದಲ್ಲಿರುವ ಈ ಸೌಲಭ್ಯದಿಂದ ಅನುಮತಿ ಇರುವವರು ಕರೆ ಮಾಡಿದರೆ ಈ ಕಡೆಯವರು ಎತ್ತುವ ಅಗತ್ಯವೇ ಇಲ್ಲ, ಕೋಣೆಯ ಮಾತು ನೇರವಾಗಿ ಆ ಕಡೆಗೆ ಕೇಳಿಸುತ್ತದೆ. ಒಂಟಿಯಾಗಿರುವ ವಯಸ್ಸಾದವರ ಕ್ಷೇಮ ನೋಡಲು ಇದು ಒಳ್ಳೆಯದೇ. ಆದರೆ ಅದನ್ನು ಹಿರಿಯರಿಗೆ ತಿಳಿಸದೆ ಚಾಲೂ ಇಡುವುದು ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ನಿಂತಂತೆ. ಸ್ಪೀಕರಿನ ಸೆಟ್ಟಿಂಗ್ಸ್‌ನಲ್ಲಿ ‘ಕಮ್ಯುನಿಕೇಷನ್ಸ್’ ತೆರೆದು ಡ್ರಾಪ್ ಇನ್ ಆಫ್ ಮಾಡಿ. ಬೇಕೇ ಬೇಕೆಂದರೆ ‘ಮೈ ಹೌಸ್‌ಹೋಲ್ಡ್’ಗೆ, ಅಂದರೆ ಅದೇ ಖಾತೆಯಲ್ಲಿರುವವರಿಗೆ ಮಾತ್ರ, ಸೀಮಿತಗೊಳಿಸಿ.

ಮೂರನೆಯದು ಉಳಿದಿರುವ ಧ್ವನಿಮುದ್ರಿಕೆಗಳು. ಅಲೆಕ್ಸಾ ಆ್ಯಪ್‌ನಲ್ಲಿ ‘ಅಲೆಕ್ಸಾ ಪ್ರೈವೆಸಿ’ ಹುಡುಕಿ. ಆ್ಯಪ್‌ನ ವಿನ್ಯಾಸ ಆಗಾಗ ಬದಲಾಗುತ್ತಿರುತ್ತದೆ, ಆದರೆ ಈ ಹೆಸರು ಹಿಡಿದು ಹೋದರೆ ದಾರಿ ಸಿಗುತ್ತದೆ. ಅಲ್ಲಿ ‘ವಾಯ್ಸ್ ಹಿಸ್ಟರಿ’ ತೆರೆದು ಹಳೆಯ ಮಾತುಗಳನ್ನು ಒಮ್ಮೆ ಕೇಳಿ. ನೀವು ಕರೆಯದೇ ಇದ್ದಾಗ ದಾಖಲಾದ ತುಣುಕುಗಳು ಸಿಕ್ಕರೆ, ಟಿ.ವಿ. ಸದ್ದಿಗೆ ಅದು ಎಚ್ಚರಗೊಳ್ಳುತ್ತಿದೆಯೇ ಎಂಬುದೂ ಗೊತ್ತಾಗುತ್ತದೆ. ಎಲ್ಲವನ್ನೂ ಅಳಿಸಿ, ಮುಂದೆ ಉಳಿಸದಂತೆ ಅಥವಾ 3 ತಿಂಗಳಿಗೆ ತಾನಾಗಿ ಅಳಿಯುವಂತೆ ಆಯ್ಕೆ ಮಾಡಿ. ಮನುಷ್ಯರು ಕೇಳಿ ಪರಿಶೀಲಿಸಲು ಕೊಟ್ಟ ಅನುಮತಿಯೂ ಅಲ್ಲೇ ಇರುತ್ತದೆ, ಅದನ್ನೂ ಆಫ್ ಮಾಡಿ. ಗೂಗಲ್ ಸ್ಪೀಕರ್ ಆದರೆ ಗೂಗಲ್ ಖಾತೆಯ ‘ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ’ ತೆರೆದು, ಧ್ವನಿ ಉಳಿಸುವ ಗುರುತನ್ನು ತೆಗೆಯಿರಿ, 3 ತಿಂಗಳಿಗೆ ಅಳಿಸುವ ಆಯ್ಕೆಯನ್ನು ಹಾಕಿ.

ಇನ್ನು ಚಿಕ್ಕಪುಟ್ಟ ಕೆಲಸಗಳು. ಟಿ.ವಿ. ಪಕ್ಕದಲ್ಲಿ ಸ್ಪೀಕರ್ ಬೇಡ. ಎಕೋ ‘ಅಲೆಕ್ಸಾ’ ಎಂಬ ಹೆಸರಿಗೆ ಸುಮ್ಮಸುಮ್ಮನೆ ಎಚ್ಚರಗೊಳ್ಳುತ್ತಿದ್ದರೆ ‘ಎಕೋ’ ಅಥವಾ ‘ಕಂಪ್ಯೂಟರ್’ ಎಂದು ಬದಲಿಸಬಹುದು. ಅದು ಕೇಳಿಸಿಕೊಳ್ಳಲು ಆರಂಭಿಸಿದಾಗ ಸಣ್ಣ ಸದ್ದು ಮಾಡುವಂತೆ ಸೆಟ್ಟಿಂಗ್ಸ್‌ನಲ್ಲಿ ಹೇಳಿಡಿ, ದೀಪ ಕಾಣದಷ್ಟು ದೂರ ಕೂತ ಅಜ್ಜನಿಗೂ ತಿಳಿಯುತ್ತದೆ. ಧ್ವನಿಯಿಂದ ಖರೀದಿಸುವ ಸೌಲಭ್ಯ ಬೇಡವೆಂದರೆ ಮುಚ್ಚಿ, ಬೇಕಿದ್ದರೆ ಗುಪ್ತ ಸಂಖ್ಯೆ ಹಾಕಿ. ವೈಫೈ ಪಾಸ್‌ವರ್ಡ್ ಇಡೀ ಓಣಿಗೆ ಗೊತ್ತಿದ್ದರೆ ಇವತ್ತೇ ಬದಲಿಸಿ.

ಸಂಬಂಧದ ಮಾತಿಗೆ ಬೀಗರು ಬಂದಾಗ, ಜಮೀನಿನ ವ್ಯವಹಾರಕ್ಕೆ ನಾಲ್ಕು ಜನ ಕೂತಾಗ, ಸ್ಪೀಕರಿನಲ್ಲಿರುವ ಗುಂಡಿಯಿಂದ ಮೈಕ್ ಆಫ್ ಮಾಡುವುದು ರೂಢಿಯಾಗಲಿ. ಎಕೋದಲ್ಲಿ ಆಗ ಕೆಂಪು ದೀಪ ಕಾಣುತ್ತದೆ, ಗೂಗಲ್‌ನ ನೆಸ್ಟ್ ಮಿನಿ ಸ್ಪೀಕರಿನಲ್ಲಿ ಕಿತ್ತಳೆ ಬಣ್ಣದ್ದು. ಪರದೆ, ಕ್ಯಾಮೆರಾ ಇರುವ ಎಕೋ ಶೋ ಆದರೆ, ಮುಚ್ಚಳವಿದ್ದಲ್ಲಿ ಅದನ್ನು ಸರಿಸಿ ಕ್ಯಾಮೆರಾವನ್ನೂ ಮುಚ್ಚಿ. ವಕೀಲರ ಕೋಣೆಯಲ್ಲಿ, ವೈದ್ಯರ ಕ್ಲಿನಿಕ್‌ನಲ್ಲಿ ಈ ಸಾಧನಕ್ಕೆ ಜಾಗವೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಆಡುವ ಗುಟ್ಟು ಬಂದವರದು.

ಮಕ್ಕಳ ವಿಷಯದಲ್ಲಿ ಬಿಗಿಯಾಗಿರುವುದು ಲೇಸು. ಮಕ್ಕಳ ಧ್ವನಿಮುದ್ರಿಕೆಗಳನ್ನು ಅಳಿಸದೆ ಇಟ್ಟುಕೊಂಡ ಆರೋಪದ ಮೇಲೆ 2023ರಲ್ಲಿ ಅಮೆಜಾನ್ ಅಮೆರಿಕದಲ್ಲಿ 2.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಆದರೆ ಪಾಲಕರು ಓದದೆ ‘ಸರಿ’ ಒತ್ತಿದರೆ ಕಾಯ್ದೆ ಏನು ಮಾಡೀತು?

ಹಳೆಯ ಸ್ಪೀಕರನ್ನು ಮಾರುವಾಗ, ಬೇರೆಯವರಿಗೆ ಕೊಡುವಾಗ ಹಾಗೇ ಕೈದಾಟಿಸಬೇಡಿ. ಅದನ್ನು ಖಾತೆಯಿಂದ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ. ರೀಸೆಟ್ ಸ್ಪೀಕರಿನ ನೆನಪನ್ನಷ್ಟೇ ಒರೆಸುತ್ತದೆ, ಕಂಪನಿಯ ಸರ್ವರ್‌ನಲ್ಲಿ ಖಾತೆಯ ಹೆಸರಿನಲ್ಲಿ ಕೂತ ಮುದ್ರಿಕೆಗಳನ್ನು ಆ್ಯಪ್‌ನಿಂದ ಬೇರೆಯಾಗಿಯೇ ಅಳಿಸಬೇಕು.